ನಿಮ್ಮನ್ನು ನಾವು ಮರೆತಿಲ್ಲ

ಬೆಳಿಗ್ಗೆ ಒಂಬತ್ತು ಗಂಟೆಗೆ ಕನ್ನಡಕದ ಅಂಗಡಿಯಿಂದ ಮುನ್ನೂರು ಗಿರಾಕಿಗಳಿಗೆ ಈಮೇಲ್ ಹೋಯಿತು. ಮೊದಲ ನಲವತ್ತು ಜನರ ಹೆಸರು ಸರಿಯಾಗಿತ್ತು.

ಉಳಿದ ಇನ್ನೂರ ಅರವತ್ತು ಜನರ ವಿಷಯ ಅದನ್ನು ಕಳಿಸಿದ ಮೇಲ್ ಗುಮಾಸ್ತನಿಗೆ ಗೊತ್ತಾದದ್ದು ಒಂಬತ್ತು ಇಪ್ಪತ್ತಕ್ಕೆ. ಅಲ್ಲಿಯವರೆಗಿನ ಇಪ್ಪತ್ತು ನಿಮಿಷ ಅವನು ಸುಖವಾಗಿದ್ದ. ಅಂಥ ಇಪ್ಪತ್ತು ನಿಮಿಷ ಆ ದಿನ ಅವನಿಗೆ ಮತ್ತೆ ಸಿಗಲಿಲ್ಲ.

ಸುಖಕ್ಕೆ ಕಾರಣವಿತ್ತು. ಅಂದು ಸಂಜೆ ನಾಲ್ಕಕ್ಕೆ ಅವನ ಆರು ತಿಂಗಳ ಪ್ರಾಯೋಗಿಕ ಅವಧಿ ಮುಗಿಯುತ್ತಿತ್ತು. ಮಾಲೀಕರು ಬಂದು ಕೆಲಸ ಕಾಯಂ ಎಂಬ ಪತ್ರ ಕೈಗೆ ಕೊಡಬೇಕಿತ್ತು. ನಾಲ್ಕು ವರ್ಷದಲ್ಲಿ ಇದು ಅವನ ಆರನೆಯ ಕೆಲಸ. ಹೆಂಡತಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿ, "ಈ ಸಲ ಪತ್ರ ತರದೆ ಬಂದ್ರೆ ಅಮ್ಮನಿಗೆ ನೀವೇ ಹೇಳ್ಬೇಕು, ನಾನಂತೂ ಹೇಳಲ್ಲ" ಎಂದು ಕಳಿಸಿದ್ದಳು. ಅಮ್ಮ ಎಂದರೆ ಅವನ ಅತ್ತೆ. ಅಳಿಯ ಕೆಲಸ ಬಿಟ್ಟ ಐದೂ ಸಂದರ್ಭಗಳನ್ನು ಆಕೆ ತಾರೀಖಿನ ಸಮೇತ ಹೇಳಬಲ್ಲರು. ಆರನೆಯದಕ್ಕೆ ತಯಾರಾಗಿದ್ದರು.

ಆರು ತಿಂಗಳ ಹಿಂದೆ ಸಂದರ್ಶನದಲ್ಲಿ ಮಾಲೀಕರು ಒಂದೇ ಒಂದು ಪ್ರಶ್ನೆ ಕೇಳಿದ್ದರು. ಮೇಜಿನ ಕೆಳಗಿನಿಂದ ಕಸದ ಬುಟ್ಟಿ ಎತ್ತಿ ಅವನ ಮುಂದಿಟ್ಟು, "ಇದ್ರಲ್ಲಿ ಏನಿದೆ?" ಎಂದಿದ್ದರು. ವಿಮೆ, ಬ್ಯಾಂಕು, ವಿದ್ಯುತ್ತು, ಫೋನು, ಎಲ್ಲ ಕಂಪನಿಗಳ ಕಾಗದಗಳಿದ್ದವು.

"ಎಲ್ಲಾದ್ರಲ್ಲೂ ಒಂದೇ ಸಾಲು. 'ಪ್ರಿಯ ಗ್ರಾಹಕರೇ'. ನಾನು ಯಾರು ಅಂತ ಒಬ್ಬನಿಗೂ ಗೊತ್ತಿಲ್ಲ. ನೋಡಪ್ಪ, ನನ್ನ ಅಂಗಡಿಯಿಂದ 'ಪ್ರಿಯ ಗ್ರಾಹಕರೇ' ಅಂತ ಒಂದೇ ಒಂದು ಕಾಗದ ಹೊರಗೆ ಹೋದ್ರೂ, ಅದರ ಹಿಂದೇನೇ ನೀನೂ ಹೊರಗೆ ಹೋಗ್ತೀಯ."

ಅವನು ಆ ಮಾತನ್ನು ಮರೆತಿರಲಿಲ್ಲ. ಮೇಲ್ ಕಳಿಸುವ ಕಂಪನಿಯ ತರಬೇತಿ ವಿಡಿಯೊವನ್ನು ನಾಲ್ಕು ಸಲ ನೋಡಿದ್ದ. ಗಿರಾಕಿಯ ಹೆಸರನ್ನು ಪತ್ರದಲ್ಲಿ ಮೂರು ಸಲ ಬಳಸಿ, ಆತ್ಮೀಯತೆ ಬರುತ್ತದೆ ಎಂದು ಅದರಲ್ಲಿ ಹೇಳಿದ್ದರು. ಅವನು ಮೂರು ಸಲ ಬಳಸಿದ್ದ.

ಒಂಬತ್ತು ಇಪ್ಪತ್ತಕ್ಕೆ ಫೋನ್ ಹೊಡೆದುಕೊಂಡಿತು.

"ಕನ್ನಡಕದ ಅಂಗಡೀನಾ?"

"ಹೌದು ಸರ್."

"ನಾನು ನಿವೃತ್ತ ಮುಖ್ಯೋಪಾಧ್ಯಾಯ. ನೀವು ಕಳಿಸಿದ್ದನ್ನ ಓದ್ತೀನಿ, ಗಮನ ಇಟ್ಟು ಕೇಳಿ. 'ಪ್ರಿಯ ಎಡಗಿವಿ ಮೇಲೆ ಬಲಗಿವಿ ಕೆಳಗೆ ಅವರೇ, ನಿಮ್ಮನ್ನು ನಾವು ಮರೆತಿಲ್ಲ.'"

ಮೇಲ್ ಗುಮಾಸ್ತ ಕುರ್ಚಿಯ ಕೈ ಹಿಡಿದುಕೊಂಡ.

"ಮುಗೀಲಿಲ್ಲ. 'ಎಡಗಿವಿ ಮೇಲೆ ಬಲಗಿವಿ ಕೆಳಗೆ ಅವರೇ, ನಿಮ್ಮ ಕಣ್ಣಿನ ಪರೀಕ್ಷೆಯಾಗಿ ಒಂದು ವರ್ಷವಾಯಿತು.' ಕೊನೇಲಿ ಇನ್ನೊಂದ್ಸಲ. ಮೂವತ್ತೈದು ವರ್ಷ ಊರಿನ ಮಕ್ಕಳ ಕಿವಿ ಹಿಂಡಿದವನು ನಾನು. ನೀವು ಒಂದೇ ಕಾಗದದಲ್ಲಿ ನಂದು ಮೂರು ಸಲ ಹಿಂಡಿದೀರಿ."

"ಸರ್, ಏನೋ ತಾಂತ್ರಿಕ..."

"ನಾನೇ ಅಲ್ಲಿಗೆ ಬರ್ತೀನಿ."

ಅವನು ಫೋನ್ ಇಟ್ಟು ಕೌಂಟರಿಗೆ ಓಡಿದ.

ಕೌಂಟರಿನಲ್ಲಿ ಕೂರುವ ಹೆಂಗಸನ್ನು ಅಂಗಡಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಜನರ ಮುಖಕ್ಕೆ ಕನ್ನಡಕ ಕೂರಿಸುವುದು ಅವಳ ಕೆಲಸ. ಅವಳಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ, ಮೂಗು ಮರೆಯುವುದಿಲ್ಲ. ಹೊಸ ಕನ್ನಡಕ ಒಯ್ಯಲು ಬರುವವರ ಕಣ್ಣಿಗೆ ಕನ್ನಡಕ ಇರುವುದಿಲ್ಲ, ಚೀಟಿ ಕಳೆದುಕೊಂಡಿರುತ್ತಾರೆ, ಇದ್ದರೂ ಓದಲಾಗದೆ ಪಕ್ಕದವರ ಚೀಟಿ ಕೊಡುತ್ತಾರೆ. ಹಾಗಾಗಿ ಅವಳು ಮುಖ ನೋಡಿ ಡ್ರಾಯರ್ ಎಳೆಯುತ್ತಾಳೆ. ಅದಕ್ಕೆ ಬೇಕಾದ ಗುರುತನ್ನು ಬಿಲ್ಲಿಂಗ್ ಯಂತ್ರದ ಪ್ರತಿ ಕಾರ್ಡಿನಲ್ಲೂ ಬರೆದಿಡುತ್ತಾಳೆ.

ಕಾರ್ಡಿನಲ್ಲಿ ಹೆಸರಿಗೆಂದು ಎರಡು ಖಾನೆ. ಒಂದರ ಹೆಸರು 'ಬಿಲ್', ಇನ್ನೊಂದರ ಹೆಸರು 'ಗಿರಾಕಿ'. ಬಿಲ್ ಖಾನೆಯಲ್ಲಿ ಕನ್ನಡಕ ಕೊಡಿಸಿದವರ ಹೆಸರಿರುತ್ತದೆ: ಅಪ್ಪ, ಗಂಡ, ಮಗಳು, ಕೆಲಸ ಕೊಟ್ಟವರು. ಪತ್ರ ಹೋಗಬೇಕಾದದ್ದು ಕನ್ನಡಕ ಹಾಕಿಕೊಂಡವರಿಗೆ. ಮೇಲ್ ಗುಮಾಸ್ತ ಅದನ್ನೆಲ್ಲ ಯೋಚಿಸಿಯೇ ಗಿರಾಕಿ ಖಾನೆ ಆರಿಸಿದ್ದ. ಆರಿಸುವ ಮುಂಚೆ ಪರೀಕ್ಷೆಯನ್ನೂ ಮಾಡಿದ್ದ. ಮೊದಲ ಹತ್ತು ಕಾರ್ಡ್ ತೆರೆದು ನೋಡಿದ್ದ. ಹತ್ತರಲ್ಲೂ ಚೊಕ್ಕವಾಗಿ ಹೆಸರಿತ್ತು.

ಇರಲೇಬೇಕು. ಏಳು ವರ್ಷದ ಹಿಂದೆ ಯಂತ್ರ ಬಂದ ದಿನ ಮಾಲೀಕರೇ ಕೂತು ನಲವತ್ತು ಗಿರಾಕಿಗಳ ಹೆಸರು ಟೈಪ್ ಮಾಡಿ, "ಹೀಗೆ ಮಾಡ್ಬೇಕು" ಎಂದು ತೋರಿಸಿ ಎದ್ದಿದ್ದರು. ನಲವತ್ತೊಂದನೆಯ ಕಾರ್ಡಿನಿಂದ ಅಕ್ಕ ಕೂತಿದ್ದಳು.

"ಅಕ್ಕಾ, ಗಿರಾಕಿ ಖಾನೇಲಿ ಏನ್ ಬರೀತೀರಿ?"

"ಗಿರಾಕೀನ ಬರೀತೀನಿ."

"ಹೆಸರು ಬರಿಯಲ್ವಾ?"

"ಹೆಸರು ಇಟ್ಕೊಂಡು ಏನ್ ಮಾಡ್ಲಿ? ಹೆಸರಿನ ಮೇಲೆ ಕನ್ನಡಕ ಕೂರತ್ತಾ?"

ಅವನು ಅವಳ ಪರದೆಯ ಮೇಲೆ ಕಂಡ ಕಾರ್ಡ್ ಓದಿದ. 'ಮೂಗು ಎಡಕ್ಕೆ. ಕನ್ನಡಿ ಬಿಟ್ಟು ಏಳಲ್ಲ.' ಮುಂದಿನದು: 'ಹುಬ್ಬು ಬರೆದದ್ದು. ಒರೆಸುವಾಗ ಹುಷಾರು.' ಅದರ ಮುಂದಿನದು: 'ಕೇಳಿಸಲ್ಲ ಅಂತ ನಾಟಕ. ರಿಯಾಯಿತಿ ಅಂದ್ರೆ ಕೇಳತ್ತೆ.'

"ಎಲ್ಲಾನೂ ಹೀಗೇನಾ?"

"ಏಳು ಸಾವಿರದ ನೂರ ಅರವತ್ತು ಕಾರ್ಡ್, ಒಂದೊಂದೂ ನನ್ನ ಕೈಯಿಂದ" ಎಂದಳು ಅಕ್ಕ. ಅವಳ ಮುಖದಲ್ಲಿ ಸಂತೋಷ ಕಾಣಿಸಿತು. ಇಷ್ಟು ವರ್ಷದಲ್ಲಿ ಅವಳ ಬರವಣಿಗೆ ಬಗ್ಗೆ ಯಾರೂ ವಿಚಾರಿಸಿರಲಿಲ್ಲ.

ಮೇಲ್ ಕಂಪನಿ ಹದಿನೈದು ನಿಮಿಷಕ್ಕೆ ಮುನ್ನೂರರಂತೆ ಕಳಿಸುತ್ತಿತ್ತು. ಪ್ರತಿ ಕಂತಿಗೂ ಯಂತ್ರದಿಂದ ಕಾರ್ಡುಗಳನ್ನು ಹೊಸದಾಗಿ ಓದಿಕೊಳ್ಳುತ್ತಿತ್ತು. ಒಟ್ಟು ಇಪ್ಪತ್ತನಾಲ್ಕು ಕಂತು. ಒಂಬತ್ತಕ್ಕೆ ಒಂದನೆಯದು ಹೋಗಿತ್ತು, ಒಂಬತ್ತೂಕಾಲಿಗೆ ಎರಡನೆಯದು. ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಕೊನೆಯದು. ನಿಲ್ಲಿಸಲು ಒಂದು ಕೆಂಪು ಗುಂಡಿಯಿತ್ತು. ಅದನ್ನು ಒತ್ತಿದರೆ ಆರು ಅಂಕಿಯ ಕೋಡ್ ಕೇಳುತ್ತಿತ್ತು. ಕೋಡ್ ಬರುತ್ತಿದ್ದದ್ದು ಮಾಲೀಕರ ಫೋನಿಗೆ.

ಮಾಲೀಕರು ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದರು.

"ಸರ್, ನಿಮ್ಮ ಫೋನಿಗೆ ಈಗ ಒಂದು ಕೋಡ್ ಬಂದಿರತ್ತೆ. ಸ್ವಲ್ಪ ಹೇಳ್ತೀರಾ?"

"ಬಂದಿದೆ. ಹೇಳಲ್ಲ."

"ಸರ್, ನಾನು. ಅಂಗಡಿಯಿಂದ."

"ನೀನೇ ಅಂತ ಏನು ಗ್ಯಾರಂಟಿ? ಬ್ಯಾಂಕಿನವರು ನೂರು ಸಲ ಹೇಳಿದಾರೆ, ಕೋಡ್ ಯಾರಿಗೂ ಕೊಡಬೇಡಿ, ಮನೆಯವರಿಗೂ ಕೊಡಬೇಡಿ ಅಂತ."

"ನನ್ನ ಧ್ವನಿ ಗೊತ್ತಾಗ್ತಿಲ್ವಾ ಸರ್?"

"ಕಳ್ಳರು ಧ್ವನೀನೂ ಮಾಡ್ತಾರಂತೆ. ಯಾಕೆ ಬೇಕು ಕೋಡು?"

ಮೇಲ್ ಗುಮಾಸ್ತ ಬಾಯಿ ತೆರೆದ. ಯಾಕೆ ಬೇಕು ಎಂದು ಹೇಳಿದರೆ ಸಂಜೆಯ ಪತ್ರ ಬೆಳಿಗ್ಗೆಯೇ ಹರಿಯುತ್ತದೆ. "ಸುಮ್ಮನೆ, ಸರ್" ಎಂದ.

"ಸುಮ್ಮನೆ ಕೇಳೋವ್ರಿಗೆ ಅಂತೂ ಕೊಡಲೇಬಾರದು ಅಂತ ಹೇಳಿದಾರೆ" ಎಂದು ಮಾಲೀಕರು ಫೋನ್ ಇಟ್ಟರು. ಅವರು ಪಕ್ಕದವರಿಗೆ ಈ ಕತೆ ಹೇಳುವುದೂ, ಸರದಿಯಲ್ಲಿದ್ದವರು ಒಟ್ಟಾಗಿ ಶಭಾಷ್ ಎನ್ನುವುದೂ, ಫೋನ್ ಪೂರ್ತಿ ಕಡಿದುಹೋಗುವ ಮುಂಚೆ ಅವನಿಗೆ ಕೇಳಿಸಿತು.

ಅವನು ಇನ್ನೂ ಎರಡು ಸಲ ಪ್ರಯತ್ನಿಸಿದ. ಎರಡು ಸಲವೂ ಮಾಲೀಕರು ಗೆದ್ದರು. ಮೂರನೆಯ ಸಲಕ್ಕೆ ಪರದೆಯ ಮೇಲೆ, 'ನಿಮ್ಮ ಸುರಕ್ಷತೆಗಾಗಿ ಖಾತೆಯನ್ನು ನಾಳೆಯವರೆಗೆ ಬಂದ್ ಮಾಡಲಾಗಿದೆ. ಈಗಾಗಲೇ ನಿಗದಿಯಾದ ಪತ್ರಗಳು ಎಂದಿನಂತೆ ಹೋಗುತ್ತವೆ' ಎಂದು ಬಂತು.

ಒಳಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ ಲೆನ್ಸ್ ಮಾಮ ಯಂತ್ರ ನಿಲ್ಲಿಸಿ ಹೊರಗೆ ಬಂದ. ಅಂಗಡಿಯಲ್ಲಿ ಯಾರಿಗಾದರೂ ಕಷ್ಟ ಬಂದರೆ ಅವನಿಗೆ ಅದು ಗೋಡೆಯಾಚೆಯಿಂದಲೇ ವಾಸನೆ ಹೊಡೆಯುತ್ತಿತ್ತು.

"ನನಗೂ ಬಂತು ಕಣಯ್ಯ ನಿನ್ನ ಕಾಗದ. 'ಪ್ರಿಯ ಸ್ಟಾಫು, ಪುಕ್ಕಟೆ ಫ್ರೇಮ್ ಕೇಳ್ತಾನೆ, ಕೊಡಬೇಡ ಅವರೇ.' ಓದಿ ನನ್ನ ಹೆಂಡತಿ ಫೋನ್ ಮಾಡಿ ಹೇಳ್ತಾಳೆ, ಇವರ್ಯಾರೋ ನಿಮ್ಮ ಜೊತೆ ಸಂಸಾರ ಮಾಡಿದಾರೆ ಅಂತ."

"ಮಾಮ, ಈಗ ಏನ್ ಮಾಡೋದು?"

"ಕ್ಷಮೆ ಕೇಳಿ ಇನ್ನೊಂದು ಮೇಲ್ ಹಾಕು."

"ಖಾತೆ ಬಂದಾಗಿದೆ."

"ಹಾಗಾದ್ರೆ ಕಾರ್ಡ್‌ಗಳನ್ನೇ ತಿದ್ದು."

ಅವನು ಲೆಕ್ಕ ಹಾಕಿದ. ಬಿಲ್ಲಿಂಗ್ ಯಂತ್ರ ಹಳೆಯದು, ಖಾನೆಯನ್ನು ಒಟ್ಟಿಗೆ ಬದಲಿಸಲು ಬರುವುದಿಲ್ಲ. ಒಂದು ಕಾರ್ಡ್ ತೆರೆದು, ಅಳಿಸಿ, ಹೆಸರು ಹೊಡೆದು, ಉಳಿಸಿ, ಮುಚ್ಚಲು ಐವತ್ತು ಸೆಕೆಂಡು. ಹದಿನೈದು ನಿಮಿಷಕ್ಕೆ ಹದಿನೆಂಟು ಕಾರ್ಡ್. ಅಂದರೆ ಪ್ರತಿ ಕಂತಿನಲ್ಲಿ ಹದಿನೆಂಟು ಜನರ ಮಾನ ಉಳಿಯುತ್ತದೆ, ಇನ್ನೂರ ಎಂಬತ್ತೆರಡು ಜನರದ್ದು ಹೋಗುತ್ತದೆ. ಅದೂ ಯಂತ್ರ ಅವನ ಕೈಗೆ ಸಿಕ್ಕರೆ. ಯಂತ್ರ ಇದ್ದದ್ದು ಅಕ್ಕನ ಕೌಂಟರಿನಲ್ಲಿ.

"ಗಿರಾಕಿ ಇಲ್ಲದಾಗ ಕೂತ್ಕೋ" ಎಂದಳು ಅಕ್ಕ. "ಆದ್ರೆ ನನ್ನ ಗುರುತು ಅಳಿಸಿದ್ರೆ ನೋಡು. ಇವತ್ತು ಮೂವತ್ತೆಂಟು ಕನ್ನಡಕ ಕೊಡೋದಿದೆ. ಗುರುತಿಲ್ಲ ಅಂದ್ರೆ ಯಾರ ಕಣ್ಣು ಯಾರ ಮೂಗಿನ ಮೇಲೆ ಕೂರತ್ತೋ."

ಯಾರನ್ನು ಉಳಿಸುವುದು ಎಂದು ಯೋಚಿಸುತ್ತ ಅವನು ಅರ್ಧ ಗಂಟೆ ಕಳೆದ. ಹತ್ತು ಇಪ್ಪತ್ತೆಂಟಕ್ಕೆ ಅವನಿಗೆ ಸಿಡಿಲು ಹೊಡೆದಂತೆ ನೆನಪಾಯಿತು: ಅತ್ತೆ!

ಅತ್ತೆ ಇದೇ ಅಂಗಡಿಯ ಹಳೆಯ ಗಿರಾಕಿ, ಹೋದ ವರ್ಷವೂ ಇಲ್ಲೇ ಕನ್ನಡಕ ಮಾಡಿಸಿದ್ದರು. ಅಕ್ಕ ಎದ್ದು ಕನ್ನಡಿ ಒರೆಸಲು ಹೋಗಿದ್ದಳು. ಅವನು ಕುರ್ಚಿಗೆ ಹಾರಿ ಮಾವನ ಹೆಸರಿನ ಬಿಲ್ ಹುಡುಕಿದ. ಕಾರ್ಡ್ ಸಿಕ್ಕಿತು, ಸಾವಿರದ ಒಂಬೈನೂರ ಐವತ್ತನೆಯದು. ಹತ್ತೂವರೆಯ ಕಂತಿನಲ್ಲಿತ್ತು. ಇನ್ನೂ ಒಂದು ನಿಮಿಷ ಸಮಯವಿತ್ತು.

ಅಳಿಸಿದ್ದರೆ ಆಗುತ್ತಿತ್ತು. ಅವನು ಓದಿದ.

'ದಪ್ಪ ಫ್ರೇಮ್ ಬೇಡ ಅಂತ ದಪ್ಪದ್ದೇ ತಗೊಂಡ್ರು. ಅಳಿಯನ ಮಾತು ತೆಗೀಬೇಡ, ಅರ್ಧ ಗಂಟೆ ಹೋಗತ್ತೆ.'

ಅಳಿಯನ ಬಗ್ಗೆ ಊರಿಗೆಲ್ಲ ಹೇಳಿದ್ದಾರೆ ಎಂದು ಅವನು ಕೊರಗುತ್ತ ಕೂತ ಹೊತ್ತಿನಲ್ಲಿ ಗೋಡೆಯ ಗಡಿಯಾರ ಹತ್ತೂವರೆ ತೋರಿಸಿತು.

ಹತ್ತು ಮೂವತ್ತೈದಕ್ಕೆ ಅತ್ತೆ ಫೋನ್ ಮಾಡಿದರು.

"ಯಾರಪ್ಪಾ ಅದು ಬರೆದಿದ್ದು?"

"ಅತ್ತೆ, ಅದು ಯಂತ್ರ..."

"ಯಂತ್ರಕ್ಕೆ ಅಳಿಯ ಇದಾನಾ? ಅರ್ಧ ಗಂಟೆಯಂತೆ! ನಾನು ಯಾವತ್ತಾದ್ರೂ ಅರ್ಧ ಗಂಟೆ ಮಾತಾಡಿದೀನಾ? ನಿನ್ನ ವಿಷಯ ನಾನು ಎಲ್ಲೂ ಬಾಯಿ ಬಿಟ್ಟವಳೇ ಅಲ್ಲ. ಆ ಗೋದಾಮಿನ ಕೆಲಸ ಬಿಟ್ಟಾಗ ಬಾಯಿ ಬಿಟ್ಟೆನಾ? ಅದಕ್ಕೂ ಮುಂಚೆ, ಆ ಔಷಧಿ ಕಂಪನೀಲಿ..."

ಅವರು ಐದೂ ಕೆಲಸಗಳನ್ನು ಕ್ರಮವಾಗಿ ತೆಗೆದುಕೊಂಡರು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, "ಸಾಯಂಕಾಲ ಪತ್ರ ತಗೊಂಡು ಬಾ, ಆಮೇಲೆ ಮಾತಾಡೋಣ" ಎಂದು ಮುಗಿಸಿದರು. ಒಟ್ಟು ಮೂವತ್ತೈದು ನಿಮಿಷ. ಆ ಹೊತ್ತಿಗೆ ಇನ್ನೂ ಎರಡು ಕಂತು ಹೋಗಿ, ಆರುನೂರು ಜನ ಹೊಸದಾಗಿ ಸೇರಿದ್ದರು.

ಈ ಘಟನೆಯಿಂದ ಮೇಲ್ ಗುಮಾಸ್ತ ಎರಡು ನಿರ್ಧಾರ ಮಾಡಿದ. ಒಂದು, ಊರಿನ ಚಿಂತೆ ಬಿಟ್ಟು ಒಬ್ಬರನ್ನು ಮಾತ್ರ ಉಳಿಸುವುದು. ಮಾಲೀಕರನ್ನು. ಎರಡು, ಅಕ್ಕ ಏನು ಬರೆದಿದ್ದಾಳೋ ಅದನ್ನು ಓದದೆ ಅಳಿಸುವುದು.

"ಅಕ್ಕಾ, ಮಾಲೀಕರ ಕಾರ್ಡ್ ಎಲ್ಲಿದೆ?"

"ಇದೆ."

"ಬಿಲ್ ಹೆಸರು ಹಾಕಿದ್ರೆ ಬರ್ತಿಲ್ಲ."

"ಅವರು ಬಿಲ್ ಯಾಕೆ ಮಾಡಿಸ್ತಾರೆ? ಅಂಗಡಿ ಅವರದ್ದಲ್ವಾ? ಕೊನೆ ಮುನ್ನೂರರಲ್ಲಿ ಎಲ್ಲೋ ಇದೆ, ಒಂದೊಂದೇ ತಿರುವಿಹಾಕು."

ಕೊನೆಯ ಮುನ್ನೂರು ಎಂದರೆ ಕೊನೆಯ ಕಂತು, ಎರಡೂ ಮುಕ್ಕಾಲು. ಮೂರೂವರೆ ಗಂಟೆ ಸಮಯವಿದೆ ಎಂದು ಅವನಿಗೆ ಜೀವ ಬಂತು. ಹಿಂದಿನಿಂದ ಶುರುಮಾಡಿ ಒಂದೊಂದೇ ಕಾರ್ಡ್ ತಿರುವತೊಡಗಿದ. ಹನ್ನೊಂದನೆಯ ಕಾರ್ಡ್ ತಲುಪುವಷ್ಟರಲ್ಲಿ ಅಕ್ಕ ಅವನ ಭುಜ ತಟ್ಟಿದಳು.

"ಏಳು, ಗಿರಾಕಿ."

ಗಿರಾಕಿ ಒಬ್ಬರಲ್ಲ. ಬಾಗಿಲಲ್ಲಿ ಐದಾರು ಜನ, ಅವರ ಹಿಂದೆ ಇನ್ನೂ ನಾಲ್ಕು ಜನ. ಮುಂದೆ ನಿವೃತ್ತ ಮುಖ್ಯೋಪಾಧ್ಯಾಯರು, ಕಾಗದವನ್ನು ಪ್ರಿಂಟ್ ಹಾಕಿಸಿ ನಾಲ್ಕು ಮಡಿಕೆ ಮಾಡಿ ಹಿಡಿದಿದ್ದರು. ಮೇಲ್ ಗುಮಾಸ್ತ ಫ್ರೇಮ್ ಜೋಡಿಸಿದ ಕಂಬದ ಹಿಂದೆ ನಿಂತ. ಅವನ ಮೈ ಕಂಬಕ್ಕಿಂತ ಅಗಲವಿದ್ದುದರಿಂದ ಎರಡೂ ಕಡೆ ಸ್ವಲ್ಪ ಸ್ವಲ್ಪ ಕಾಣುತ್ತಿತ್ತು.

ಒಬ್ಬ ಗಂಡಸನ್ನು ಅವನ ಹೆಂಡತಿ ತೋಳು ಹಿಡಿದು ತಂದಳು.

"ಇವ್ರಿಗೆ ಬಂದಿರೋದು ನೋಡಿ. 'ಪ್ರಿಯ ಎರಡು ಜೊತೆ, ಒಂದು ಮನೇಲಿ ಗೊತ್ತಿಲ್ಲ ಅವರೇ.' ಯಾವುದು ಆ ಇನ್ನೊಂದು ಜೊತೆ? ಎಲ್ಲಿಟ್ಟಿದಾರೆ? ಯಾರ ಮನೇಲಿಟ್ಟಿದಾರೆ?"

"ಆಫೀಸ್‌ನಲ್ಲಿ ಕಣೇ. ಮೊದಲನೇದರ ಮೇಲೆ ಕೂತ್ಕೊಂಡೆ, ಮುರೀತು. ನಿನಗೆ ಹೇಳಿದ್ರೆ ಬೈತೀಯ ಅಂತ ಅಂಥದ್ದೇ ಇನ್ನೊಂದು ಮಾಡಿಸ್ದೆ."

"ಮೂರು ಸಲ ಬರೆದಿದಾರೆ! ಸುಮ್ಮನೆ ಬರೀತಾರಾ?"

ಅಕ್ಕ ಕನ್ನಡಕದ ಮೇಲಿಂದ ಆ ಗಂಡಸನ್ನು ನೋಡಿದಳು. "ನಿಜ ಅಮ್ಮ. ಕೂತ್ಕೊಂಡಿದ್ರು. ಕಡ್ಡಿ ಬೇರೆ, ಗಾಜು ಬೇರೆ ತಂದಿದ್ರು. ಅಳೋದೊಂದು ಬಾಕಿ."

ಹೆಂಡತಿ ತೋಳು ಬಿಟ್ಟಳು. ಅದು ನಂಬಿಕೆಯಿಂದಲೋ, ಇನ್ನೊಂದು ಕೈಯಿಂದ ಹಿಡಿಯಲೋ ಎಂದು ನೋಡಲು ಮೇಲ್ ಗುಮಾಸ್ತನಿಗೆ ಧೈರ್ಯವಾಗಲಿಲ್ಲ.

ಜನ ಬರುತ್ತಲೇ ಇದ್ದರು. ಒಬ್ಬಳು ತನ್ನ ಕಾಗದವನ್ನು ಪಕ್ಕದವಳಿಗೆ ತೋರಿಸುತ್ತಿದ್ದಳು, ಪಕ್ಕದವಳು ತನ್ನದನ್ನು ಇವಳಿಗೆ. ಯಾರೋ ಜೋರಾಗಿ ಕೂಗಿದರು. ಯಾರೋ ಮೇಜು ಬಡಿದರು. ಕಣ್ಣು ಪರೀಕ್ಷೆಯ ಕೋಣೆಯ ಮುಂದೆ ಸಾಲು ಬೆಳೆಯಿತು. ಸಾಲು ಯಾಕೆ ಎಂದು ಅವನು ಕೇಳಲಿಲ್ಲ. ಹೊಡೆಯಲು ಬಂದವರೂ ಸಾಲಿನಲ್ಲಿ ಬಂದರೆ ಒಳ್ಳೆಯದೇ ಎಂದುಕೊಂಡ. ಅಕ್ಕ ನೀರು ಕುಡಿಯಲು ಎದ್ದಾಗ ಆರು ಕಾರ್ಡ್ ತಿರುವಿದ. ಅಳತೆ ಪಟ್ಟಿ ಹುಡುಕಲು ಬಗ್ಗಿದಾಗ ಮೂರು. ಒಂದೂವರೆಗೆ ಅವಳು ಊಟಕ್ಕೆ ಹೋದಳು, ಹೋಗುವಾಗ ಯಂತ್ರಕ್ಕೆ ಪಾಸ್‌ವರ್ಡ್ ಹಾಕಿಟ್ಟು ಹೋದಳು.

ಅವನು ಊಟದ ಕೋಣೆಗೆ ಹಿಂದೆಯೇ ಹೋದ. "ಅಕ್ಕಾ, ಪಾಸ್‌ವರ್ಡ್."

"ತುತ್ತು ಬಾಯಲ್ಲಿದ್ದಾಗ ಕೆಲಸದ ಮಾತು ಆಡಬಾರದು."

"ನನ್ನ ಹೊಟ್ಟೆಪಾಡು ಅಕ್ಕಾ."

"ಇದು ನನ್ನ ಹೊಟ್ಟೆ. ಅರ್ಧ ಗಂಟೆ ಕಾಯಿ."

ಲೆನ್ಸ್ ಮಾಮ ಬುತ್ತಿಯ ಮುಚ್ಚಳ ತೆಗೆಯುತ್ತ ಸಮಾಧಾನ ಹೇಳಿದ. "ಯೋಚನೆ ಮಾಡಬೇಡ. ಮಾಲೀಕರು ಒಳ್ಳೆಯವರು. ನಿನಗಿಂತ ಮುಂಚೆ ಇದ್ದವನನ್ನ ಕಳಿಸುವಾಗ ಬಾಗಿಲವರೆಗೂ ಬಂದಿದ್ರು."

"ಅವನು ಏನ್ ಮಾಡಿದ್ದ?"

"'ಪ್ರಿಯ ಗ್ರಾಹಕರೇ' ಅಂತ ಒಂದು ಮೇಲ್ ಹಾಕಿದ್ದ. ಒಂದೇ ಒಂದು."

ಎರಡಕ್ಕೆ ಅಕ್ಕ ಬಂದಳು, ಅವಳ ಹಿಂದೆ ಜನರೂ ಬಂದರು. ಎರಡೂ ಕಾಲಿಗೆ ಅವನು ಅವಳ ಪಕ್ಕದಲ್ಲೇ ಮಂಡಿಯೂರಿ ಕೂತು, ಅವಳು ಗಿರಾಕಿಯ ಮುಖ ನೋಡುವಾಗಲೆಲ್ಲ ಮೇಜಿನ ಕೆಳಗಿನಿಂದ ಒಂದು ಬೆರಳು ಚಾಚಿ ಕಾರ್ಡ್ ತಿರುವುತ್ತಿದ್ದ. ಎರಡೂವರೆಗೆ ಇನ್ನೂರು ಮುಗಿದಿತ್ತು. ಒಂದು ಮಗು ಅಮ್ಮನ ಸೆರಗೆಳೆದು, "ಅಲ್ಲಿ ಕೆಳಗೆ ಒಬ್ಬರು ಅಳ್ತಿದಾರೆ" ಎಂದಿತು. ಅಮ್ಮ, "ಕಣ್ಣಿಗೆ ಔಷಧಿ ಹಾಕಿರ್ತಾರೆ" ಎಂದಳು.

ಎರಡು ನಲವತ್ತನಾಲ್ಕಕ್ಕೆ ಕಾರ್ಡ್ ಸಿಕ್ಕಿತು. ಆರು ಸಾವಿರದ ಒಂಬೈನೂರ ಹದಿನೇಳು. ಬಿಲ್ ಖಾನೆ ಖಾಲಿ, ಈಮೇಲ್ ಮಾಲೀಕರದ್ದು. ಗಿರಾಕಿ ಖಾನೆಯಲ್ಲಿ ಎರಡು ಸಾಲು ತುಂಬ ಬರೆದಿತ್ತು.

ಅವನು ಕಣ್ಣು ಮುಚ್ಚಿಕೊಂಡು ಅಳಿಸಿದ.

"ಮಾಲೀಕರ ಕಾರ್ಡ್ ಯಾಕೋ ಮುಟ್ತೀಯಾ?" ಎಂದಳು ಅಕ್ಕ.

"ಹೆಸರು ಹಾಕ್ತಿದೀನಿ ಅಕ್ಕಾ, ಹೆಸರು!"

ಯಂತ್ರಕ್ಕೆ ಬೆಳಗಿನಿಂದ ವಿರಾಮ ಸಿಕ್ಕಿರಲಿಲ್ಲ. ಅವನು ಹೆಸರಿನ ಮೊದಲ ಅಕ್ಷರ ಒತ್ತಿದ. ಪರದೆಯ ಮೇಲೆ ಏನೂ ಮೂಡಲಿಲ್ಲ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಹತ್ತಕ್ಕೆ ಬಂತು. ಇನ್ನು ಹತ್ತು ಸೆಕೆಂಡು. ಅವನು ಖಾನೆಯನ್ನು ಖಾಲಿಯಾಗಿಯೇ ಬಿಟ್ಟು 'ಉಳಿಸು' ಒತ್ತಿದ. ಯಂತ್ರ ಉಸಿರೆಳೆದುಕೊಂಡು, 'ಉಳಿಸಲಾಗಿದೆ' ಎಂದಿತು. ಮುಳ್ಳು ಹನ್ನೆರಡಕ್ಕೆ ಬಂತು.

ಹೆಸರೇ ಇಲ್ಲದವರಿಗೆ ಪತ್ರ ಹೇಗೆ ಹೋಗುತ್ತದೆ? ಹೋಗುವುದಿಲ್ಲ. ಅವನು ಮೇಜಿನ ಕೆಳಗೇ ಕಾಲು ಚಾಚಿ ಕೂತ. ಊರು ಉರಿದುಹೋಗಿದ್ದರೂ ಒಂದು ಮನೆ ಉಳಿಯಿತು, ಅದೂ ಬೇಕಾದ ಮನೆಯೇ. ಜನರ ಗಲಾಟೆ ನಾಲ್ಕರೊಳಗೆ ಕರಗಿದರೆ, ಮಾಲೀಕರಿಗೆ ವಿಷಯ ತಿಳಿಯುವ ಮುಂಚೆ ಪತ್ರ ಕೈಗೆ ಬಂದಿರುತ್ತದೆ.

ಮಾಲೀಕರು ನಾಲ್ಕಕ್ಕೆ ಐದು ನಿಮಿಷವಿರುವಾಗ ಬಂದರು. ಒಂದು ಕೆನ್ನೆ ಊದಿತ್ತು. ಸಾಲಿನಲ್ಲಿದ್ದವರಿಗೆಲ್ಲ ಕೈ ಮುಗಿಯುತ್ತ, ನಿವೃತ್ತ ಮುಖ್ಯೋಪಾಧ್ಯಾಯರ ಬೆನ್ನು ತಟ್ಟುತ್ತ ಒಳಗೆ ಬಂದು, ಮೇಲ್ ಗುಮಾಸ್ತನನ್ನು ಕೌಂಟರಿನ ಮುಂದೆ ಕರೆದರು. ಅಕ್ಕ ಇದ್ದಳು. ಲೆನ್ಸ್ ಮಾಮ ಕರೆಯದಿದ್ದರೂ ಬಂದ.

"ಬೆಳಿಗ್ಗೆ ನಾನು ಹಲ್ಲಿನ ಡಾಕ್ಟರ್ ಕುರ್ಚೀಲಿ ಬಾಯಿ ತೆರೆದು ಮಲಗಿದೀನಿ" ಎಂದರು ಮಾಲೀಕರು. "ಆತನ ಫೋನಿಗೆ ನಮ್ಮ ಮೇಲ್ ಬಂತು. 'ಪ್ರಿಯ ಹಣೆ ಮೇಲೆ ಇಟ್ಕೊಂಡು ಊರೆಲ್ಲ ಹುಡುಕ್ತಾರೆ ಅವರೇ.' ಓದಿದ. ಕನ್ನಡಕ ಎಲ್ಲಿ ಅಂತ ಮುಟ್ಟಿ ನೋಡ್ಕೊಂಡ. ಹಣೆ ಮೇಲೇ ಇತ್ತು. ಐದು ನಿಮಿಷ ನಕ್ಕ ಕಣಯ್ಯ, ನನ್ನ ಬಾಯಲ್ಲಿ ಆ ಕೊಳವೆ ಇಟ್ಟು ಮರೆತು ನಕ್ಕ. ಇಷ್ಟು ವರ್ಷದಲ್ಲಿ ಒಂದು ಕಂಪನಿ ನನ್ನನ್ನ ನೋಡಿ ಬರೆದಿರೋದು ಇದೇ ಮೊದಲು ಅಂದ. ಹೊರಗೆ ಬಂದ್ರೆ ಕಾಯೋ ಕೋಣೇಲಿ ಇನ್ನೂ ಇಬ್ಬರಿಗೆ ಬಂದಿತ್ತು. ಒಬ್ರು ಕೋಪ ಮಾಡ್ಕೊಂಡ್ರು ಅನ್ನೋದು ನಿಜ. ಆದ್ರೆ ಅವರೂ ಈಗ ಆ ಸಾಲಲ್ಲೇ ನಿಂತಿದಾರೆ ನೋಡು."

ಮೇಲ್ ಗುಮಾಸ್ತ ತಿರುಗಿ ನೋಡಿದ. ಸಾಲಿನಲ್ಲಿದ್ದವರು ಕಣ್ಣು ಪರೀಕ್ಷೆಗೆ ಕಾಯುತ್ತಿದ್ದರು. ಮುಖ್ಯೋಪಾಧ್ಯಾಯರು ತಮ್ಮ ಪ್ರಿಂಟನ್ನು ಪಕ್ಕದವರಿಗೆ ಓದಿ ಹೇಳುತ್ತಿದ್ದರು, ಮೂರನೆಯ ಸಲ.

"ಕೋಡ್ ಕೇಳಿದ್ದು ನನ್ನನ್ನ ಪರೀಕ್ಷೆ ಮಾಡೋಕೆ ಅಂತಾನೂ ಅರ್ಥ ಆಯ್ತು" ಎಂದರು ಮಾಲೀಕರು. ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಕೆಳಗೆ ಅವರ ಸಹಿ ಕಾಣುತ್ತಿತ್ತು. "ಅಲ್ಲೇ ಕೂತು ಸಹಿ ಹಾಕಿದೆ. ಇಂಥವನನ್ನ ಬಿಡಬಾರದು ಅಂತ."

ಮೇಲ್ ಗುಮಾಸ್ತ ಎರಡು ಸಲ ಇಸ್ತ್ರಿಯಾದ ಅಂಗಿಯ ತೋಳು ಸರಿಮಾಡಿಕೊಂಡು ಕೈ ಮುಂದೆ ಚಾಚಿದ.

ಮಾಲೀಕರು ಕಾಗದ ಕೊಡಲಿಲ್ಲ. ಇನ್ನೊಂದು ಜೇಬಿನಿಂದ ಫೋನ್ ತೆಗೆದರು.

"ಆಮೇಲೆ ನಾನು ಅಲ್ಲೇ ಕೂತು ನನ್ನದಕ್ಕೆ ಕಾದೆ. ಊರಿಗೆಲ್ಲ ಬಂತು, ನನಗೆ ಯಾವಾಗ ಬರತ್ತೆ, ನನ್ನ ಬಗ್ಗೆ ಏನು ಬರೆದಿರ್ತಾರೆ ಅಂತ. ಒಂದು ಗಂಟೆ ಆಯ್ತು. ಎರಡಾಯ್ತು. ಎರಡೂ ಮುಕ್ಕಾಲಿಗೆ ಬಂತು. ಡಾಕ್ಟರ್ ಬಂದು ಪಕ್ಕ ನಿಂತ, ನರ್ಸ್ ಬಂದಳು. ಜೋರಾಗಿ ಓದಿ ಅಂದ್ರು. ಓದಿದೆ."

ಅವರು ಮತ್ತೆ ಓದಿದರು.

"'ಪ್ರಿಯ ಗ್ರಾಹಕರೇ, ನಿಮ್ಮನ್ನು ನಾವು ಮರೆತಿಲ್ಲ. ಪ್ರಿಯ ಗ್ರಾಹಕರೇ, ನಿಮ್ಮ ಕಣ್ಣಿನ ಪರೀಕ್ಷೆಯಾಗಿ ಒಂದು ವರ್ಷವಾಯಿತು. ಪ್ರಿಯ ಗ್ರಾಹಕರೇ, ಬೇಗ ಬನ್ನಿ.'"

ಖಾನೆ ಖಾಲಿಯಿದ್ದರೆ ಮೇಲ್ ಕಂಪನಿ ಸಂಬೋಧನೆಯ ಜಾಗದಲ್ಲೆಲ್ಲ ತಾನೇ 'ಪ್ರಿಯ ಗ್ರಾಹಕರೇ' ಎಂದು ತುಂಬುತ್ತದೆ ಎಂಬುದು ತರಬೇತಿ ವಿಡಿಯೊದ ಕೊನೆಯ ಭಾಗದಲ್ಲಿತ್ತು. ನಾಲ್ಕೂ ಸಲ ಅವನು ಅದಕ್ಕೆ ಮುಂಚೆಯೇ ಎದ್ದಿದ್ದ.

"ನಾನಲ್ಲ" ಎಂದಳು ಅಕ್ಕ. "ನಿಮ್ಮ ಕಾರ್ಡಲ್ಲಿ ನಾನು ಚೆನ್ನಾಗೇ ಬರೆದಿದ್ದೆ. ಇವನೇ ಅಳಿಸಿದ್ದು, ನನ್ನ ಕಣ್ಣೆದುರಿಗೇ."

"ಏನು ಬರೆದಿದ್ದೆ?"

"'ನಮ್ಮವರು. ಸೊಟ್ಟ ಕೂತ್ರೂ ನೆಟ್ಟಗಿದೆ ಅಂತಾರೆ. ಹೂಂ ಅನ್ನು. ಆಮೇಲೆ ಒರೆಸ್ತೀನಿ ಅಂತ ಈಸ್ಕೊಂಡು ನೆಟ್ಟಗೆ ಮಾಡಿಕೊಡು.'"

ಮಾಲೀಕರು ಕನ್ನಡಕ ತೆಗೆದು ನೋಡಿದರು, ಮತ್ತೆ ಹಾಕಿಕೊಂಡರು. ಊದಿದ ಕೆನ್ನೆ ಅಲುಗತೊಡಗಿತು. ಅವರು ಕೌಂಟರ್ ಹಿಡಿದುಕೊಂಡು, ಹಲ್ಲು ನೋವಿಗೆ ಅಯ್ಯೋ ಅನ್ನುತ್ತ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಇಪ್ಪತ್ತೆರಡು ವರ್ಷ!" ಎಂದರು. "ಇಪ್ಪತ್ತೆರಡು ವರ್ಷದಿಂದ ನಾನು ಹೇಳೋದೇ ಸರಿ ಅಂದ್ಕೊಂಡಿದ್ದೆ. ನೋಡ್ದೇನಯ್ಯಾ, ಗಿರಾಕೀನ ಬಲ್ಲೋದು ಅಂದ್ರೆ ಇದು. ಇದನ್ನ ಅಳಿಸಿ 'ಪ್ರಿಯ ಗ್ರಾಹಕರೇ' ಅಂತ ಬರೆದೆಯಲ್ಲ. ಊರಲ್ಲಿ ಏಳು ಸಾವಿರ ಜನರನ್ನ ಮುಖ ನೋಡಿ ಮಾತಾಡಿಸಿದೀಯ. ಗುರುತು ಸಿಗದೆ ಹೋದವನು ನಾನೊಬ್ಬ!"

"ಸರ್, ನಾನು ನಿಮ್ಮನ್ನ ಉಳಿಸೋಕೆ..."

"ನಿನಗೆ ಮೊದಲನೇ ದಿನ ಬುಟ್ಟಿ ತೋರಿಸಿದ್ದೆನೋ ಇಲ್ವೋ?"

"ತೋರಿಸಿದ್ರಿ ಸರ್."

ಮಾಲೀಕರು ಸಹಿಯಾದ ಕಾಗದವನ್ನು ನಾಲ್ಕು ಚೂರು ಮಾಡಿ, ಬಗ್ಗಿ, ಅದೇ ಬುಟ್ಟಿಗೆ ಹಾಕಿದರು. ಆಮೇಲೆ ಬಾಗಿಲವರೆಗೂ ಅವನ ಜೊತೆ ಬಂದರು.

ಆ ಸಂಜೆ ಅತ್ತೆ ಆರನೆಯ ತಾರೀಖನ್ನು ಬರೆದುಕೊಂಡರು. ಮಾತು ಅರ್ಧ ಗಂಟೆಗೆ ಮುಗಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವನಿಗೆ ಅಂಗಡಿಯಿಂದ ಒಂದು ಈಮೇಲ್ ಬಂತು. ಕೆಲಸದಿಂದ ತೆಗೆಯಲಾಗಿದೆ ಎಂಬ ಆ ಪತ್ರವನ್ನು ಮಾಲೀಕರೇ ಕೂತು ಟೈಪ್ ಮಾಡಿದ್ದರು. ಅದರಲ್ಲಿ ಅವನ ಹೆಸರು, ಇನಿಷಿಯಲ್ ಸಮೇತ, ಮೂರು ಸಲ ಬಂದಿತ್ತು. ಮೂರು ಸಲವೂ ಸರಿಯಾಗಿತ್ತು.